ಚರ್ಚ್ ಹಿಂದಿನ ಸಹಾಯ ಕೇಂದ್ರ: ಐದಕ್ಕೆ ನಾಲ್ಕು ಕೊಡುತ್ತೇನೆ

ಮೊದಲೇ ಹೇಳಿಬಿಡುತ್ತೇನೆ, ನಾನು ಬರೆಯುತ್ತಿರುವುದು ಬೆಂಗಳೂರಿನ ಅಂಚಿನ ಒಂದು ಕಥೋಲಿಕ ಧರ್ಮಕೇಂದ್ರದಲ್ಲಿ ಪ್ರತಿ ಭಾನುವಾರ ಎರಡನೇ ಪೂಜೆ ಮುಗಿದ ಮೇಲೆ ನಡೆಯುವ ಸಹಾಯ ಕೇಂದ್ರದ ಬಗ್ಗೆ. ರೇಷನ್ ಕಾರ್ಡ್, ವೋಟರ್ ಐಡಿ, ವಿಧವಾ ವೇತನ, ಇ-ಶ್ರಮ್, ಬಾಕಿ ಸಂಬಳ, ಜಾತಿ ಪ್ರಮಾಣಪತ್ರ. ಎಲ್ಲೋ ಸಿಕ್ಕಿಕೊಂಡಿರುವ ಇಂಥ ಯಾವ ಕೆಲಸವಾದರೂ ಅಲ್ಲಿ ಹೋಗಿ ಕೇಳಬಹುದು. ದುಡ್ಡು ತಗೊಳ್ಳುವುದಿಲ್ಲ. ಯಾವ ಧರ್ಮ ಅಂತ ಕೇಳುವುದಿಲ್ಲ. ಧರ್ಮಕೇಂದ್ರದ ಹೆಸರು ಹಾಕುತ್ತಿಲ್ಲ, ಯಾಕಂದರೆ ಅಲ್ಲಿಗೆ ಬರುವವರ ಕಷ್ಟಸುಖವೂ ಇದರಲ್ಲಿ ಬರುತ್ತದೆ, ನಾಳೆ ಯಾರೋ ಅವರನ್ನು ಗುರುತು ಹಿಡಿಯುವುದು ಬೇಡ.

ಹೋಟೆಲ್ಲು, ಮೊಬೈಲು, ಮಿಕ್ಸಿ ಬಗ್ಗೆ ಎಲ್ಲರೂ ಬರೆಯುತ್ತಾರೆ. ಇಂಥ ಜಾಗದ ಬಗ್ಗೆ ಯಾರೂ ಬರೆಯುವುದಿಲ್ಲ. ಬರೆದಿದ್ದರೆ ನಾನೇ ಮೂರು ವರ್ಷ ಮೊದಲು ಹೋಗುತ್ತಿದ್ದೆ.

ನಾನು ಹೋಗಿದ್ದು ನಮ್ಮ ಮನೆಗೆ ಕೆಲಸಕ್ಕೆ ಬರುವ ಅಕ್ಕನ ಸಲುವಾಗಿ. ಅವರು ಯಾದಗಿರಿ ಕಡೆಯವರು. ಊರಲ್ಲಿ ಮಳೆ ಕೈಕೊಟ್ಟ ಮೇಲೆ ಗಂಡ, ಮಕ್ಕಳ ಜೊತೆ ಇಲ್ಲಿಗೆ ಬಂದವರು. ದಿನಕ್ಕೆ ನಾಲ್ಕು ಮನೆ ಮಾಡುತ್ತಾರೆ. ಅದರಲ್ಲಿ ಒಂದು ಮನೆಯವರು ಒಂದು ದಿನ ದಿಢೀರನೆ "ನಾಳೆಯಿಂದ ಬರಬೇಡ" ಅಂದರು. ಎರಡು ತಿಂಗಳು ಒಂಬತ್ತು ದಿನದ ಸಂಬಳ ಬಾಕಿ. ತಿಂಗಳಿಗೆ 4,000 ರೂಪಾಯಿ ಅಂದರೆ ಒಟ್ಟು 9,200. ಕೇಳಲು ಹೋದರೆ "ನೀನು ಅರ್ಧ ದಿನ ಬಂದೇ ಇಲ್ಲ" ಅಂತ ಗೇಟಿನಿಂದಲೇ ವಾಪಸ್ ಕಳಿಸಿದರು. ಅಕ್ಕ ನಮ್ಮ ಮನೆಯಲ್ಲಿ ಪಾತ್ರೆ ತೊಳೆಯುತ್ತಾ ಇದನ್ನು ಹೇಳಿದರು. ಅಳಲಿಲ್ಲ. ಮಗಳ ಸ್ಕೂಲ್ ಫೀಸಿನ ವಿಷಯ ಬಂದಾಗ ಮಾತ್ರ ಸ್ವಲ್ಪ ಹೊತ್ತು ಸುಮ್ಮನಾದರು.

ಅದೇ ವಾರ ಚರ್ಚ್‌ನಲ್ಲಿ ಪೂಜೆಯ ಕೊನೆಗೆ ಪ್ರಕಟಣೆ ಓದುವಾಗ ಈ ಕೇಂದ್ರದ ಬಗ್ಗೆ ಒಂದು ಸಾಲು ಬಂತು. ಎಷ್ಟೋ ಭಾನುವಾರ ಕೇಳಿದ್ದೇ. ಅವತ್ತು ಕಿವಿಗೆ ಬಿತ್ತು.

ಜಾಗ ಹುಡುಕುವುದೇ ಮೊದಲ ಕಷ್ಟ. ಚರ್ಚ್ ಹಿಂದೆ, ಸೈಕಲ್ ಸ್ಟ್ಯಾಂಡ್ ದಾಟಿ, ಮಕ್ಕಳಿಗೆ ಜ್ಞಾನೋಪದೇಶ ಹೇಳಿಕೊಡುವ ಕೋಣೆಯಲ್ಲಿ ಎರಡು ಮೇಜು ಹಾಕಿರುತ್ತಾರೆ. ಬಾಗಿಲ ಮೇಲಿನ ಬೋರ್ಡು ಬರೀ ಇಂಗ್ಲಿಷ್‌ನಲ್ಲಿದೆ. ಇದನ್ನು ನಾನು ಎರಡು ಸಲ ಹೇಳಿದ್ದೇನೆ, ಇನ್ನೂ ಬದಲಾಗಿಲ್ಲ. ಆ ಬೋರ್ಡು ಯಾರು ಓದಬೇಕೋ ಅವರಿಗೆ ಓದಲು ಬರುವುದಿಲ್ಲ, ಅಲ್ವಾ?

ಒಳಗೆ ಮೂರು ಜನ ಇದ್ದರು. ಬ್ಯಾಂಕಿನಿಂದ ನಿವೃತ್ತರಾದ ಒಬ್ಬ ಅಂಕಲ್, ಕಾನೂನು ಓದುತ್ತಿರುವ ಒಬ್ಬ ಹುಡುಗಿ, ಒಬ್ಬ ಸಿಸ್ಟರ್. ಸಿಸ್ಟರ್ ಮೊದಲು ಅಕ್ಕನಿಗೆ ಕುರ್ಚಿ ಕೊಟ್ಟು ನೀರು ಕೊಟ್ಟರು. ಆಮೇಲೆ ಒಂದು ಉದ್ದನೆಯ ಲೆಕ್ಕದ ಪುಸ್ತಕ ತೆಗೆದರು. ಅದರಲ್ಲಿ ಹೆಸರು, ಏರಿಯಾ, ಏನು ಕೆಲಸ ಆಗಬೇಕು ಅಂತ ಕಾಲಂಗಳಿವೆ. ಕೊನೆಯ ಕಾಲಂ ತಲೆಯಲ್ಲಿ ಕೈಬರಹದಲ್ಲಿ "ಏನಾಯ್ತು?" ಅಂತ ಬರೆದಿದೆ. ಕೆಲಸ ಮುಗಿಯುವ ತನಕ ಆ ಜಾಗ ಖಾಲಿ ಬಿಡುತ್ತಾರೆ.

"ಎಷ್ಟು ದಿನ ಕೆಲಸ ಮಾಡಿದ್ದೀರಿ ಅನ್ನೋದಕ್ಕೆ ಏನಾದ್ರೂ ಇದೆಯಾ ಅಕ್ಕ?" ಅಂತ ಆ ಹುಡುಗಿ ಕೇಳಿದಳು. ನನಗೆ ಆಗಲೇ ಕೈ ಬಿಟ್ಟುಹೋಯಿತು ಅನಿಸಿತು. ಮನೆಕೆಲಸದವರ ಹತ್ತಿರ ಹಾಜರಿ ಪುಸ್ತಕ ಎಲ್ಲಿರುತ್ತದೆ? ಆದರೆ ಅಕ್ಕ ಕೈಚೀಲದಿಂದ ಒಂದು ಪ್ಲಾಸ್ಟಿಕ್ ಕವರ್ ತೆಗೆದರು. ಒಳಗೆ ಸುರುಳಿ ಸುತ್ತಿದ ಕ್ಯಾಲೆಂಡರ್. ದಿನಸಿ ಅಂಗಡಿಯವರು ಹೊಸ ವರ್ಷಕ್ಕೆ ಪುಕ್ಕಟೆ ಕೊಡುತ್ತಾರಲ್ಲ, ಅಂಥದ್ದು. ನಾಲ್ಕು ಮನೆಗೆ ನಾಲ್ಕು ಬಣ್ಣ. ಮಗಳ ಸ್ಕೆಚ್ ಪೆನ್ನಿನಲ್ಲಿ ಹೋದ ದಿನಕ್ಕೆ ಚುಕ್ಕೆ, ಹೋಗದ ದಿನಕ್ಕೆ ಗೀಟು. "ರಜಾ ಹಾಕಿದ ದಿನ ಗೀಟು ಹಾಕೀನ್ರೀ. ಸುಳ್ಳು ಹಾಕಿಲ್ರೀ," ಅಂದರು. ಸಂಬಳ ಬಾಕಿ ಇಟ್ಟ ಮನೆಯ ಬಣ್ಣ ಹಸಿರು, ಅದಕ್ಕೆ ಎರಡು ತಿಂಗಳಲ್ಲಿ ಗೀಟು ಬಿದ್ದಿದ್ದು ಮೂರೇ ಮೂರು ಸಲ.

ಅಂಕಲ್ ಆ ಕ್ಯಾಲೆಂಡರನ್ನು ಮೇಜಿನ ಮೇಲೆ ಹರಡಿ ನಾಲ್ಕು ಮೂಲೆಗೂ ಏನೇನೋ ಭಾರ ಇಟ್ಟು, ಫೋಟೊ ತೆಗೆದು, ದಿನ ದಿನ ಎಣಿಸಿದರು. ಆಮೇಲೆ ಬಿಳಿ ಹಾಳೆಯಲ್ಲಿ ಕನ್ನಡದಲ್ಲಿ ಒಂದು ಪತ್ರ ತಯಾರಾಯಿತು. ಪತ್ರ ಅಕ್ಕನ ಹೆಸರಲ್ಲೇ ಇತ್ತು, ಚರ್ಚ್‌ನ ಲೆಟರ್‌ಹೆಡ್ ಬಳಸಲಿಲ್ಲ. ಯಾಕೆ ಅಂತ ನಾನೇ ಕೇಳಿದೆ. ಲೆಟರ್‌ಹೆಡ್ ಇದ್ದರೆ ಬೇಗ ಹೆದರುತ್ತಾರಲ್ಲ ಅಂದೆ. ಅಂಕಲ್ ಹೇಳಿದ್ದು ಇಷ್ಟೇ: "ಕೇಳ್ತಿರೋದು ಅವರು. ಅವರ ದುಡ್ಡು. ನಾವು ಪೆನ್ನು ಹಿಡಿದುಕೊಂಡಿದ್ದೀವಿ ಅಷ್ಟೆ." ಪತ್ರವನ್ನು ಎರಡು ಸಲ ಗಟ್ಟಿಯಾಗಿ ಓದಿ ಹೇಳಿದರು. ಒಂದು ಕಡೆ "ದಯವಿಟ್ಟು ಕರುಣೆ ತೋರಿಸಿ" ಅಂತ ಬರೆಸಬೇಕು ಅಂತ ಅಕ್ಕನಿಗೆ ಇತ್ತು. ಹುಡುಗಿ ಬೇಡ ಅಂದಳು. ಕೊಡಬೇಕಾದ ಸಂಬಳಕ್ಕೆ ಕರುಣೆ ಯಾಕೆ ಅಂತ ಸಮಾಧಾನವಾಗಿ ವಿವರಿಸಿದಳು. ಅಕ್ಕ ಸಹಿ ಹಾಕಿದರು. ಸ್ಪೀಡ್ ಪೋಸ್ಟ್ ಮಾಡಿ ರಸೀದಿ ಇಟ್ಟುಕೊಳ್ಳಲು ಹೇಳಿದರು.

ಈ ಅರ್ಧ ಗಂಟೆಯಲ್ಲಿ ನಾನು ಕಲಿತದ್ದು ಎಷ್ಟೋ. ಮನೆಗೆಲಸಕ್ಕೆ ಕರ್ನಾಟಕದಲ್ಲಿ ಕನಿಷ್ಠ ವೇತನ 2004ರಲ್ಲೇ ನಿಗದಿಯಾಗಿದೆ. ಹೆಣ್ಣುಮಕ್ಕಳಿಗೆ, ಅವರ ಆದಾಯ ಎಷ್ಟೇ ಇರಲಿ, 1987ರ ಕಾನೂನು ಸೇವೆಗಳ ಕಾಯ್ದೆ ಪ್ರಕಾರ ಉಚಿತ ವಕೀಲರು ಸಿಗುತ್ತಾರೆ, 15100ಕ್ಕೆ ಫೋನ್ ಮಾಡಿದರೆ ಸಾಕು. ನಾನು ಓದಿದವ ಅಂತ ಇಷ್ಟು ವರ್ಷ ಅಂದುಕೊಂಡಿದ್ದೆ, ಇದರಲ್ಲಿ ಒಂದೂ ಗೊತ್ತಿರಲಿಲ್ಲ.

ಪತ್ರ ಹೋಗಿ ಎರಡು ವಾರ ಏನೂ ಆಗಲಿಲ್ಲ. ಮೂರನೇ ವಾರ ಅಂಕಲ್ ಆ ಮನೆಯವರಿಗೆ ಫೋನ್ ಮಾಡಿ, ಮುಂದಿನ ಹೆಜ್ಜೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಅರ್ಜಿ ಅಂತ ಮರ್ಯಾದೆಯಾಗಿಯೇ ಹೇಳಿದರು. ಐದನೇ ವಾರ 6,000 ಬಂತು. ಇನ್ನೊಂದು ಹತ್ತು ದಿನಕ್ಕೆ ಉಳಿದ 3,200. ಅಕ್ಕನ ಮುಂದೆ ಸಿಸ್ಟರ್ ಆ ಲೆಕ್ಕದ ಪುಸ್ತಕ ತೆರೆದು "ಏನಾಯ್ತು?" ಕೆಳಗೆ "ಪೂರ್ತಿ ಬಂತು" ಅಂತ ಬರೆದರು. ಅಕ್ಕ ಬಗ್ಗಿ ನೋಡಿದರು, ಸಾಲು ಸರಿಯಾಗಿ ತಮ್ಮ ಹೆಸರಿನ ಎದುರೇ ಇದೆಯಾ ಅಂತ.

ಇಷ್ಟಕ್ಕೆ ನಾಲ್ಕೂವರೆ ಅಂಕ ಕೊಟ್ಟು ಮುಗಿಸಬಹುದಿತ್ತು. ಆದರೆ ಮೊದಲ ದಿನವೇ ಇನ್ನೊಂದು ಆಗಿತ್ತು.

ಪತ್ರ ಬರೆದ ಮೇಲೆ ಆ ಹುಡುಗಿ ನನ್ನ ಕೈಗೂ ಒಂದು ಹಾಳೆ ಕೊಟ್ಟಳು. ಮನೆಗೆ ಕೆಲಸದವರನ್ನು ಇಟ್ಟುಕೊಂಡಿರುವವರು ತುಂಬುವ ಹಾಳೆ. ಎಷ್ಟು ಸಂಬಳ, ಯಾವ ತಾರೀಖಿಗೆ ಕೊಡುತ್ತೀರಿ, ಹುಷಾರಿಲ್ಲದ ದಿನ ಸಂಬಳ ಹಿಡಿಯುತ್ತೀರಾ, ಅವರಿಗೆ ಕುಡಿಯಲು ಬೇರೆ ಲೋಟ ಇಟ್ಟಿದ್ದೀರಾ, ವಾರದ ರಜೆ ಯಾವತ್ತು. ಕೊನೆಯ ಪ್ರಶ್ನೆಗೆ ನನ್ನ ಪೆನ್ನು ನಿಂತಿತು. ವಾರದ ರಜೆ ಇರಲಿಲ್ಲ. ಭಾನುವಾರ ನಾವು ಮನೆಮಂದಿಯೆಲ್ಲ ಪೂಜೆಗೆ ಹೋಗುತ್ತೇವೆ, ಬರುವ ದಾರಿಯಲ್ಲಿ ಮಟನ್ ತರುತ್ತೇವೆ, ಅಕ್ಕ ಮಧ್ಯಾಹ್ನ ಎರಡಕ್ಕೆ ಬಂದು ಆ ಎಲ್ಲ ಪಾತ್ರೆ ತೊಳೆಯುತ್ತಾರೆ. ವಾರದ ಬೇರೆ ದಿನಕ್ಕಿಂತ ಅವತ್ತೇ ಜಾಸ್ತಿ ಪಾತ್ರೆ. ಇದು ಸರಿಯಿಲ್ಲ ಅಂತ ಒಂದು ದಿನವೂ ನನಗೆ ಹೊಳೆದಿರಲಿಲ್ಲ.

ವಾರಕ್ಕೊಂದು ದಿನ ಬಿಡುವು ಅನ್ನುವ ಸಬ್ಬತ್ತಿನ ಕಟ್ಟಳೆ ಚಿಕ್ಕಂದಿನಿಂದ ಬಾಯಿಪಾಠ. ಮನೆಗೆ ಬಂದು ಬೈಬಲ್ ತೆಗೆದು ವಿಮೋಚನಕಾಂಡ ಇಪ್ಪತ್ತನೇ ಅಧ್ಯಾಯ ಪೂರ್ತಿ ಓದಿದೆ. ನೀನು, ನಿನ್ನ ಮಗ, ಮಗಳು, ನಿನ್ನ ಆಳು, ನಿನ್ನ ಕೆಲಸದವಳು, ಕಡೆಗೆ ನಿನ್ನ ದನಕರು ಸಹ ಅವತ್ತು ದುಡಿಯಬಾರದು ಅಂತ ಬಿಡಿಬಿಡಿಯಾಗಿ ಹೇಳಿದೆ. ನಾನು ಬಾಯಿಪಾಠ ಮಾಡಿದ್ದು ಮೊದಲ ಸಾಲು ಮಾತ್ರ. ಆ ಮುಂದಿನ ವಾರದಿಂದ ಅಕ್ಕನಿಗೆ ಭಾನುವಾರ ರಜೆ, ಸಂಬಳ ಹಿಡಿಯದೆ. ಭಾನುವಾರದ ಪಾತ್ರೆ ನಾವೇ ತೊಳೆಯುತ್ತೇವೆ.

ಈ ಕೇಂದ್ರ ನನಗೆ ಇಷ್ಟವಾಗಲು ಇದೇ ದೊಡ್ಡ ಕಾರಣ. ಇಲ್ಲಿ ಸಹಾಯ ಕೇಳಲು ಬಂದವರಿಗೂ ಹಾಳೆ ಇದೆ, ಕರೆದುಕೊಂಡು ಬಂದವರಿಗೂ ಹಾಳೆ ಇದೆ. ನಾವು ಕಥೋಲಿಕರು ಕೊಡುವುದರಲ್ಲಿ ಹಿಂದೆ ಬಿದ್ದವರಲ್ಲ. ಈಸ್ಟರ್‌ಗೆ ಮುಂಚಿನ ತಪಸ್ಸು ಕಾಲದಲ್ಲಿ ಉಪವಾಸ ಮಾಡಿ ಉಳಿಸಿದ ದುಡ್ಡು ಹಾಕುತ್ತೇವೆ, ಕ್ರಿಸ್ಮಸ್‌ಗೆ ಕೇಕು, ಸೀರೆ ಹಂಚುತ್ತೇವೆ, ವಿನ್ಸೆಂಟ್ ದಿ ಪೌಲ್ ಸಭೆಯವರು ಮನೆಮನೆಗೆ ಅಕ್ಕಿ ಮುಟ್ಟಿಸುತ್ತಾರೆ. ಅದೆಲ್ಲ ಬೇಕು. ಆದರೆ ಅದೇ ಅಕ್ಕನಿಗೆ ನಾವು ಕೊಡಬೇಕಾದ್ದು ಸರಿಯಾಗಿ ಕೊಟ್ಟಿದ್ದೇವಾ ಅನ್ನುವ ಪ್ರಶ್ನೆ ಬೇರೆ, ಅದನ್ನು ನಮ್ಮನ್ನು ಯಾರೂ ಕೇಳುವುದಿಲ್ಲ. ಇಲ್ಲಿ ಕೇಳಿದರು.

ಧರ್ಮಸಭೆ ಇದನ್ನು ಮೊನ್ನೆ ಮೊನ್ನೆ ಕಂಡುಹಿಡಿದದ್ದೇನೂ ಅಲ್ಲ. ಪೋಪ್ ಹದಿಮೂರನೇ ಲಿಯೋ 1891ರ ಮೇ 15ರಂದು ಹೊರಡಿಸಿದ ಪರಿಪತ್ರದಲ್ಲೇ ಕೂಲಿಯವನ ಸಂಬಳ ಅವನು ಮರ್ಯಾದೆಯಾಗಿ ಬದುಕುವಷ್ಟು ಇರಬೇಕು, ಅವನು ಒಪ್ಪಿಕೊಂಡ ಅಂತ ಎಷ್ಟು ಕಡಿಮೆ ಬೇಕಾದರೂ ಕೊಡುವಂತಿಲ್ಲ ಅಂತ ಬರೆದಿದ್ದಾರೆ. "ಅವರೇ ಒಪ್ಪಿದ್ದು" ಅನ್ನುವ ಮಾತನ್ನು ನಾವು ಇವತ್ತಿಗೂ ಹೇಳುತ್ತೇವೆ, ಅಲ್ವಾ? 2025ರ ಮೇ 8ರಂದು ಆಯ್ಕೆಯಾದ ಈಗಿನ ಪೋಪ್ ತಮಗೆ ಹದಿನಾಲ್ಕನೇ ಲಿಯೋ ಅಂತ ಹೆಸರು ಇಟ್ಟುಕೊಂಡದ್ದಕ್ಕೆ ಮುಖ್ಯ ಕಾರಣ ಆ ಹಳೆಯ ಲಿಯೋ ಮತ್ತು ಆ ಪತ್ರ ಅಂತ ತಾವೇ ಹೇಳಿದ್ದಾರೆ. ಅದಕ್ಕಿಂತ ಎಷ್ಟೋ ಹಿಂದೆ ಬೈಬಲಿನ ಯಕೋಬರ ಪತ್ರದ ಐದನೇ ಅಧ್ಯಾಯದಲ್ಲಿ, ಹೊಲ ಕೊಯ್ದವರಿಗೆ ಕೊಡದೆ ಹಿಡಿದಿಟ್ಟ ಕೂಲಿ ತಾನೇ ಕೂಗುತ್ತದೆ, ಆ ಕೂಗು ದೇವರ ಕಿವಿ ಮುಟ್ಟಿದೆ ಅಂತ ಇದೆ. ನಮ್ಮ ದೇಶದಲ್ಲೇ, ಬೆಲ್ಜಿಯಂನಿಂದ ಬಂದ ಸಿಸ್ಟರ್ ಜೀನ್ ಡೆವೋಸ್ 1985ರಲ್ಲಿ ಮನೆಕೆಲಸದವರ ರಾಷ್ಟ್ರೀಯ ಚಳವಳಿ ಶುರು ಮಾಡಿದರು. ನನ್ನ ಹೆಂಡತಿಗೆ ಈ ಹೆಸರು ಗೊತ್ತಿತ್ತು, ನನಗೆ ಗೊತ್ತಿರಲಿಲ್ಲ.

ಆ ಕೋಣೆಯ ಗೋಡೆ ಮೇಲೆ ಮಾತೆ ಮರಿಯಮ್ಮನ ಚಿತ್ರದ ಪಕ್ಕ ಫಾದರ್ ಸ್ಟ್ಯಾನ್ ಸ್ವಾಮಿಯವರ ಫೋಟೊ ಇದೆ. ಅವರು 1975ರಿಂದ 1986ರ ತನಕ ಇದೇ ಬೆಂಗಳೂರಿನಲ್ಲಿ ಯೇಸುಸಭೆಯವರ ಇಂಡಿಯನ್ ಸೋಶಿಯಲ್ ಇನ್‌ಸ್ಟಿಟ್ಯೂಟ್ ನಡೆಸಿದವರು, ಆಮೇಲೆ ಜಾರ್ಖಂಡಿಗೆ ಹೋಗಿ ಆದಿವಾಸಿಗಳ ಜಮೀನು, ಜೈಲಿನಲ್ಲಿ ಕೊಳೆಯುತ್ತಿದ್ದ ಅವರ ಹುಡುಗರು ಅಂತ ಕೊನೆ ತನಕ ಓಡಾಡಿದವರು. 2020ರ ಅಕ್ಟೋಬರ್‌ನಲ್ಲಿ 83ನೇ ವಯಸ್ಸಿನಲ್ಲಿ ಬಂಧನವಾಯಿತು, ಪಾರ್ಕಿನ್ಸನ್ ಕಾಯಿಲೆಯಿಂದ ಕೈ ನಡುಗುತ್ತದೆ, ಲೋಟ ಹಿಡಿಯಲು ಆಗುವುದಿಲ್ಲ, ಸಿಪ್ಪರ್ ಕೊಡಿಸಿ ಅಂತ ಕೋರ್ಟಿಗೆ ಕೇಳಬೇಕಾಯಿತು, 2021ರ ಜುಲೈ 5ರಂದು ವಿಚಾರಣೆ ಶುರುವಾಗುವ ಮೊದಲೇ ತೀರಿಕೊಂಡರು. ಕಾಯುತ್ತಾ ಕೂತಿದ್ದ ಒಬ್ಬ ಅಜ್ಜಿ "ಯಾವ ಸಂತರು ಇವರು?" ಅಂತ ಕೇಳಿದರು. ಸಿಸ್ಟರ್ "ನಮ್ಮ ಒಬ್ಬರು ಫಾದರ್ ಅಜ್ಜಿ" ಅಂದರು. ಅಜ್ಜಿ ಎದ್ದು ಹೋಗಿ ಫೋಟೊ ಮುಟ್ಟಿ ಕಣ್ಣಿಗೆ ಒತ್ತಿಕೊಂಡು ಬಂದು ಕೂತರು.

ಬೇರೆ ಸೇವೆಗಳ ಬಗ್ಗೆ ಬೇಗ ಹೇಳುತ್ತೇನೆ. ವೋಟರ್ ಐಡಿ ಕೆಲಸ ಚೆನ್ನಾಗಿ ಮಾಡುತ್ತಾರೆ. ಹೊಸಬರಿಗೆ ಫಾರಂ 6, ಮನೆ ಬದಲಾದರೆ ಅಥವಾ ಹೆಸರು ತಪ್ಪಿದ್ದರೆ ಫಾರಂ 8. ಹದಿನೆಂಟು ತುಂಬಿದವರು ಈಗ ಜನವರಿ ತನಕ ಕಾಯಬೇಕಿಲ್ಲ, ವರ್ಷಕ್ಕೆ ನಾಲ್ಕು ತಾರೀಖು ಇವೆ. ಚುನಾವಣೆ ಹತ್ತಿರ ಬಂದಾಗ ಒಬ್ಬರು ಅಂಕಲ್ ಹತ್ತಿರ "ಯಾರಿಗೆ ಹಾಕೋದು, ಫಾದರ್ ಏನಂತಾರೆ?" ಅಂತ ಕೇಳಿದ್ದನ್ನು ನಾನೇ ನೋಡಿದೆ. "ಪಟ್ಟಿಯಲ್ಲಿ ನಿಮ್ಮ ಹೆಸರಿದೆಯಾ ಅಂತ ನೋಡೋದು ನಮ್ಮ ಕೆಲಸ. ಉಳಿದದ್ದು ನಿಮ್ಮ ಮನಸ್ಸಾಕ್ಷಿ" ಅಂದರು. ಹಾಗೇ ಇರಬೇಕು. ವೋಟು ಹಾಕುವುದು, ತೆರಿಗೆ ಕಟ್ಟುವುದು ನೈತಿಕ ಕರ್ತವ್ಯ ಅಂತ ನಮ್ಮ ಧರ್ಮೋಪದೇಶದಲ್ಲೇ ಇದೆ, ಯಾರಿಗೆ ಅಂತ ಇಲ್ಲ.

ಪಿಂಚಣಿ, ಆದಾಯ ಪ್ರಮಾಣಪತ್ರ ಎಲ್ಲ ನಾಡಕಚೇರಿ ಕೆಲಸ. ಇವರು ಅರ್ಜಿ ತುಂಬಿಸಿ, ಕೊಟ್ಟು ಬರುವಾಗ ಸಕಾಲ ಚೀಟಿ, ಅಂದರೆ ಅರ್ಜಿ ತಗೊಂಡಿದ್ದಕ್ಕೆ ಕೊಡುವ ನಂಬರಿನ ರಸೀದಿ, ತಗೊಳ್ಳದೆ ವಾಪಸ್ ಬರಬೇಡಿ ಅಂತ ಪ್ರತಿಯೊಬ್ಬರಿಗೂ ಹೇಳಿ ಕಳಿಸುತ್ತಾರೆ. ಆ ನಂಬರ್ ಇದ್ದರೆ ಅರ್ಜಿ ಎಲ್ಲಿ ನಿಂತಿದೆ ಅಂತ ನೋಡಬಹುದು. ಅದಕ್ಕೂ ಉತ್ತರ ಬರದಿದ್ದರೆ ಹತ್ತು ರೂಪಾಯಿಯ ಆರ್‌ಟಿಐ ಅರ್ಜಿ ಬರೆಸುತ್ತಾರೆ. ಪಿಂಚಣಿ ನಿಂತುಹೋಗಿದ್ದ ಒಬ್ಬ ಅಜ್ಜನಿಗೆ ಈ ಚೀಟಿಯಿಂದಲೇ ಕೆಲಸವಾಯಿತು.

ಪೋಪ್ ಫ್ರಾನ್ಸಿಸ್ ತಮ್ಮ 2020ರ ಪರಿಪತ್ರದಲ್ಲಿ ಒಂದು ಮಾತು ಹೇಳಿದ್ದಾರೆ. ವಯಸ್ಸಾದವರ ಕೈ ಹಿಡಿದು ಹೊಳೆ ದಾಟಿಸುವುದೂ ಪ್ರೀತಿಯೇ, ಆ ಹೊಳೆಗೆ ಸೇತುವೆ ಕಟ್ಟಿಸುವುದೂ ಪ್ರೀತಿಯೇ ಅಂತ. ಸಕಾಲ ಚೀಟಿ ಹಿಡಿದುಕೊಂಡು ಹೋಗುವ ಅಜ್ಜನನ್ನು ನೋಡಿದಾಗ ನನಗೆ ಅದು ನೆನಪಾಗುತ್ತದೆ.

ಈಗ ಕೊರತೆಗಳು. ಒಂದು ಅಂಕ ಸುಮ್ನೆ ಕಡಿಮೆ ಮಾಡಿಲ್ಲ.

ಸಮಯ ಸರಿಯಿಲ್ಲ. ಭಾನುವಾರ ಹತ್ತೂವರೆಯಿಂದ ಒಂದು ಗಂಟೆ. ಈ ಕೇಂದ್ರ ಯಾರಿಗೆ ಬೇಕೋ ಅವರು ಆಗ ನಮ್ಮ ಮನೆಗಳಲ್ಲಿ ಕೆಲಸದಲ್ಲಿರುತ್ತಾರೆ. ಅವತ್ತು ಅಕ್ಕ ಬರಲು ಸಾಧ್ಯವಾಗಿದ್ದು ಒಂದು ಮನೆ ತಪ್ಪಿಸಿಕೊಂಡು, ಅಂದರೆ ಕ್ಯಾಲೆಂಡರಿನಲ್ಲಿ ಇನ್ನೊಂದು ಗೀಟು ಹಾಕಿಕೊಂಡು. ವಾರದ ಮಧ್ಯೆ ಒಂದು ದಿನ ಸಂಜೆ ಏಳರ ಮೇಲೆ ತೆರೆದರೆ ಎಷ್ಟು ಅನುಕೂಲ. ಹೇಳಿದ್ದೇನೆ. ಜನ ಇಲ್ಲ ಅಂದರು. ಹಬ್ಬದ ಬಿರಿಯಾನಿಗೆ ಓಡಾಡಲು ನಲವತ್ತು ಜನ ಯುವಕರು ಬರುವ ಧರ್ಮಕೇಂದ್ರದಲ್ಲಿ ಈ ಕೆಲಸಕ್ಕೆ ಮೂರೇ ಜನ ಅಂದರೆ ನನಗೆ ಸಂಕಟವಾಗುತ್ತದೆ. ನಾನು ಈಗ ತಿಂಗಳಿಗೆ ಎರಡು ಭಾನುವಾರ ಹೋಗಿ ಟೋಕನ್ ಕೊಡುತ್ತೇನೆ, ಫೋಟೊಕಾಪಿ ಮಾಡಿಸಿಕೊಂಡು ಬರುತ್ತೇನೆ.

"ಏನಾಯ್ತು?" ಕಾಲಂ ಬಹಳ ಕಡೆ ಖಾಲಿ ಇದೆ. ಬಂದವರು ಮತ್ತೆ ಬರದಿದ್ದರೆ ಇವರು ಫೋನ್ ಮಾಡಿ ಕೇಳುವುದಿಲ್ಲ. ಕೆಲಸ ಆಗಿರಬಹುದು, ಬೇಸತ್ತು ಬಿಟ್ಟಿರಬಹುದು. ಗೊತ್ತಾಗುವುದಿಲ್ಲ.

ಇನ್ನು ದೊಡ್ಡದು. ಒಂದು ಭಾನುವಾರ ಒಬ್ಬ ಹುಡುಗ ಜಾತಿ ಪ್ರಮಾಣಪತ್ರದ ವಿಷಯಕ್ಕೆ ಬಂದಿದ್ದ. ದಲಿತ ಕುಟುಂಬ, ತಾತನ ಕಾಲದಲ್ಲಿ ಕ್ರೈಸ್ತರಾದವರು. ಹುಡುಗಿ ಅವನಿಗೆ ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. 1950ರ ರಾಷ್ಟ್ರಪತಿ ಆದೇಶದ ಪ್ರಕಾರ ಪರಿಶಿಷ್ಟ ಜಾತಿ ಅಂದರೆ ಮೊದಲು ಹಿಂದೂಗಳು ಮಾತ್ರ, 1956ರಲ್ಲಿ ಸಿಖ್ಖರು ಸೇರಿದರು, 1990ರಲ್ಲಿ ಬೌದ್ಧರು ಸೇರಿದರು, ಕ್ರೈಸ್ತರು ಇನ್ನೂ ಸೇರಿಲ್ಲ. ಕರ್ನಾಟಕದಲ್ಲಿ ಅಂಥವರಿಗೆ ಹಿಂದುಳಿದ ವರ್ಗಗಳ ಪ್ರವರ್ಗ 1ರಲ್ಲಿ ಜಾಗ ಇದೆ, ಅದಕ್ಕೆ ಅರ್ಜಿ ಹಾಕಬಹುದು. ಇಷ್ಟೂ ಸರಿಯಾಗಿ ಹೇಳಿದಳು. ಹುಡುಗ ಕೇಳಿಸಿಕೊಂಡು ಕೊನೆಗೆ ಒಂದು ಮಾತು ಕೇಳಿದ: "ಚರ್ಚ್ ಒಳಗೆ ಆಗೋದಕ್ಕೆ ಯಾವ ಅರ್ಜಿ ಅಕ್ಕ?" ಮದುವೆ ಮಾತುಕತೆಯಲ್ಲಿ ತನ್ನ ಅಕ್ಕನ ಕುಲ ಕೇಳಿ ಎದ್ದುಹೋದವರು ಪೂಜೆಯಲ್ಲಿ ಮುಂದಿನ ಬೆಂಚಿನಲ್ಲಿ ಕೂರುತ್ತಾರೆ ಅಂದ. ಯಾರ ಹತ್ತಿರವೂ ಉತ್ತರ ಇರಲಿಲ್ಲ. ಭಾರತದ ಧರ್ಮಾಧ್ಯಕ್ಷರ ಮಂಡಳಿಯೇ 2016ರ ಡಿಸೆಂಬರ್‌ನಲ್ಲಿ ದಲಿತರ ಬಗ್ಗೆ ಒಂದು ನೀತಿ ಹೊರಡಿಸಿ, ನಮ್ಮೊಳಗೂ ಅಸ್ಪೃಶ್ಯತೆ, ತಾರತಮ್ಯ ಇದೆ ಅಂತ ಒಪ್ಪಿಕೊಂಡಿದೆ. ಒಪ್ಪಿಕೊಂಡದ್ದು ನಮ್ಮ ಬೆಂಚಿನ ತನಕ ಬಂದಿಲ್ಲ. ಸರ್ಕಾರಕ್ಕೆ ಬರೆಯುವ ಹಾಳೆ ಇದೆ, ಮನೆ ಯಜಮಾನರು ತುಂಬುವ ಹಾಳೆ ಇದೆ. ಧರ್ಮಕೇಂದ್ರ ತನ್ನನ್ನೇ ಕೇಳಿಕೊಳ್ಳುವ ಹಾಳೆ ಬೇಕು. ಚರ್ಚ್ ಗುಡಿಸುವವರಿಗೆ, ಗಂಟೆ ಹೊಡೆಯುವವರಿಗೆ ಎಷ್ಟು ಸಂಬಳ, ಪಿಎಫ್ ಇದೆಯಾ ಅಂತಲೂ ಅದರಲ್ಲಿ ಇರಬೇಕು. ಆ ಪ್ರಶ್ನೆ ಪ್ಯಾರಿಷ್ ಕೌನ್ಸಿಲ್ ಸಭೆಯಲ್ಲಿ ನಾನು ಕೇಳಿದೆ. ಮುಂದಿನ ಸಭೆಗೆ ನೋಡೋಣ ಅಂದರು. ಮುಂದಿನ ಸಭೆಯಲ್ಲೂ ಕೇಳುತ್ತೇನೆ.

ಹೋಗುವವರಿಗೆ ಕೆಲವು ಮಾತು. ನಿಮ್ಮ ಹತ್ತಿರದ ಚರ್ಚ್‌ನಲ್ಲಿ ಇಂಥ ಕೇಂದ್ರ ಇದೆಯಾ ಅಂತ ಆಫೀಸಿನಲ್ಲಿ ಕೇಳಿ, ಬೋರ್ಡು ಕಾಣದಿದ್ದರೂ ಇರಬಹುದು. ಹತ್ತೂವರೆಗೆ ಸ್ವಲ್ಪ ಮೊದಲೇ ಹೋದರೆ ಟೋಕನ್ ಬೇಗ ಸಿಗುತ್ತದೆ. ಆಧಾರ್, ಬ್ಯಾಂಕ್ ಪಾಸ್‌ಬುಕ್, ರೇಷನ್ ಕಾರ್ಡ್, ಆಧಾರ್‌ಗೆ ಜೋಡಿಸಿರುವ ಮೊಬೈಲ್ ಇರಲಿ, ಒಟಿಪಿ ಅದಕ್ಕೇ ಬರುತ್ತದೆ. ಭಾನುವಾರ ಸರ್ವರ್ ಆಗಾಗ ಕೈಕೊಡುತ್ತದೆ, ತಾಳ್ಮೆ ಬೇಕು. ಮನೆಕೆಲಸದವರನ್ನು ಕರೆದುಕೊಂಡು ಹೋಗುತ್ತಿದ್ದರೆ ಅವರ ಪರವಾಗಿ ನೀವೇ ಮಾತಾಡಬೇಡಿ, ಅವರೇ ಹೇಳಲಿ, ನಿಧಾನವಾದರೂ ಕೇಳುತ್ತಾರೆ. ಹೋದ ತಿಂಗಳು ಅಕ್ಕ ನನ್ನನ್ನು ಕರೆಯದೆ ತಮ್ಮ ವಠಾರದ ಇನ್ನೊಬ್ಬರನ್ನು ಕರೆದುಕೊಂಡು ಬಂದಿದ್ದರು. ಟೋಕನ್ ಕೊಡುವಾಗ ನೋಡಿದೆ, ಆ ಹೆಂಗಸಿನ ಕೈಯಲ್ಲೂ ಒಂದು ಸುರುಳಿ ಸುತ್ತಿದ ಕ್ಯಾಲೆಂಡರ್ ಇತ್ತು.